ಬೇಡವೆಂದು ಮಾರಿದ ಮೂವತ್ತೊಂದು ಕಂಪ್ಯೂಟರುಗಳು

ವರ್ನನ್ ರೋಥ್ ತನ್ನ ಆಯುಷ್ಯದಲ್ಲಿ ಯಾರಿಗೂ ಏನನ್ನೂ ಮಾರಿದವನಲ್ಲ. ಇಪ್ಪತ್ತೆಂಟು ವರ್ಷ ಫೋರ್ಟ್ ವೇನ್ ಊರಿನ ಲಿಫ್ಟುಗಳಲ್ಲಿ ಹತ್ತಿ ಇಳಿದು, ಎಷ್ಟು ಭಾರ ಹೊರುತ್ತವೆಂದು ಪರೀಕ್ಷಿಸಿ, ಚೀಟಿ ಅಂಟಿಸಿ ನಿವೃತ್ತನಾದವನು. ಅಂಥವನು ತೊಂಬತ್ತೆಂಟರ ಚಳಿಗಾಲದಲ್ಲಿ, ಎರಡು ವಾರದೊಳಗೆ, ನಮ್ಮ ಸಗಟು ಕ್ಲಬ್ಬಿನಲ್ಲಿ, ಅಂದರೆ ಸದಸ್ಯರಿಗಷ್ಟೇ ಎಲ್ಲವನ್ನೂ ಕಟ್ಟುಗಟ್ಟಲೆ ಮಾರುವ ದೊಡ್ಡ ಅಂಗಡಿಯಲ್ಲಿ, ಮೂವತ್ತೊಂದು ಕಂಪ್ಯೂಟರುಗಳನ್ನು ಮಾರಿದ. ಅದೂ ಬಂದ ಒಬ್ಬೊಬ್ಬರಿಗೂ "ದಯವಿಟ್ಟು ಕೊಳ್ಳಬೇಡಿ" ಎಂದು ಹೇಳಿ. ನಾನು ಪಕ್ಕದ ಮೇಜಿನಲ್ಲಿ ಸಾಸೇಜು ಹುರಿದು, ತುಂಡುಗಳಿಗೆ ಕಡ್ಡಿ ಚುಚ್ಚಿ, ಬಂದವರಿಗೆ ಪುಕ್ಕಟೆ ರುಚಿ ತೋರಿಸುವ ಕೆಲಸದವಳು. ಆದ್ದರಿಂದ ನಡೆದದ್ದಕ್ಕೆಲ್ಲ ನಾನೇ ಸಾಕ್ಷಿ.

ನಮ್ಮ ಕ್ಲಬ್ಬಿನಲ್ಲಿ ಕಂಪ್ಯೂಟರು ಮಾರುವುದಕ್ಕೂ ಟೈರು ಮಾರುವುದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ. ಬೇರೆ ಅಂಗಡಿಗಳಲ್ಲಿ ಇಪ್ಪತ್ತು ಬಗೆ ಇದ್ದರೆ ಇಲ್ಲಿ ಒಂದೇ ಬಗೆ. ಪೆಟ್ಟಿಗೆಗಳನ್ನು ಮರದ ಹಲಗೆಯ ಮೇಲೆ ಆಳೆತ್ತರ ಪೇರಿಸುತ್ತಾರೆ. ಎದುರಿನ ಮೇಜಿನ ಮೇಲೆ ಒಂದನ್ನು ಮಾತ್ರ ಬಿಚ್ಚಿ ಇಡುತ್ತಾರೆ. ಯಾರು ಬೇಕಾದರೂ ಅದನ್ನು ಕುಟ್ಟಿ ನೋಡಬಹುದು. ವಿವರಿಸಲು ಯಾರೂ ಇರುವುದಿಲ್ಲ. ಬೇಕೆನಿಸಿದರೆ ಪೆಟ್ಟಿಗೆಯೊಂದನ್ನು ತಳ್ಳುಗಾಡಿಗೆ ಏರಿಸಿ, ಮೂವತ್ತಾರು ಉರುಳೆ ಟಾಯ್ಲೆಟ್ ಕಾಗದಕ್ಕೂ ಐದು ಡಜನ್ ಮೊಟ್ಟೆಗೂ ನಡುವೆ ಜಾಗ ಮಾಡಿಕೊಂಡು ಹೊರಡುವುದು. ಬೆಲೆಯ ಫಲಕದ ಮೂಲೆಯಲ್ಲಿ ಒಂದು ಪುಟ್ಟ ನಕ್ಷತ್ರ ಬಿತ್ತೆಂದರೆ ಆ ಮಾಲು ಇನ್ನು ಬರುವುದಿಲ್ಲ ಎಂದು ಅರ್ಥ. ಪೇರಿಸಿದ್ದೆಲ್ಲ ಖಾಲಿಯಾದ ಮೇಲೆ ಮೇಜಿನ ಮೇಲಿನದನ್ನೂ ಮಾರಿ, ಮೇಜು ಒರೆಸುತ್ತಾರೆ.

ವರ್ನನ್ ಪ್ರತಿ ಶನಿವಾರ ಬರುತ್ತಿದ್ದ. ಹೆಂಡತಿ ಮಾರ್ಲಿಸ್ ತೀರಿಕೊಂಡು ಎರಡು ವರ್ಷವಾಗಿತ್ತು. ಕೊಳ್ಳುವುದು ಏನೂ ಇರುತ್ತಿರಲಿಲ್ಲ, ಆದರೂ ಬರುತ್ತಿದ್ದ. ನನ್ನ ಹತ್ತಿರ ಒಂದು ಸಾಸೇಜು ತುಂಡು ತಿಂದು, ಟೈರುಗಳನ್ನು ಸುತ್ತಿ, ಈಗಷ್ಟೇ ಒಳಗೆ ಬಂದವನ ಮುಖ ಮಾಡಿಕೊಂಡು ಮತ್ತೆ ಬರುತ್ತಿದ್ದ. ಮೂರು ಸುತ್ತಿಗೂ ನಾನು ಅವನನ್ನು ಹೊಸಬನಂತೆಯೇ ನಡೆಸಿಕೊಳ್ಳುತ್ತಿದ್ದೆ. ಮಾತಾಡುವಾಗ ಅವನು ಎದುರಿನವರ ಮುಖ ನೋಡುತ್ತಿರಲಿಲ್ಲ, ತಲೆಯ ಮೇಲಿನ ಗಾಳಿಯನ್ನು ನೋಡುತ್ತಿದ್ದ. ಲಿಫ್ಟಿನಲ್ಲಿ ಆಯುಷ್ಯ ಕಳೆದವರ ಅಭ್ಯಾಸ. ಅಲ್ಲಿ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ, ಬಾಗಿಲ ಮೇಲೆ ಓಡುವ ಅಂಕಿಗಳನ್ನು ನೋಡುತ್ತಾರೆ.

ನವೆಂಬರಿನ ಒಂದು ಶನಿವಾರ ಎರಡನೆಯ ಸುತ್ತಿನಲ್ಲಿ ಅವನು ಮೇಜಿನ ಕಂಪ್ಯೂಟರಿನ ಎದುರು ನಿಂತುಬಿಟ್ಟ. ಅದರ ಪರದೆಯ ಮೇಲೆ ಬರೆಯುವ ಹಾಳೆಯೊಂದು ಸದಾ ತೆರೆದಿರುತ್ತಿತ್ತು. ಮಕ್ಕಳು ಅದರಲ್ಲಿ ಪರಸ್ಪರ ಬೈದುಕೊಳ್ಳುತ್ತಿದ್ದರು. ಆವತ್ತು ಬೈಗುಳದ ಕೆಳಗೆ ಒಂದು ಸಾಲು ಇತ್ತು: 'ಈ ಅಂಗಡಿಯಲ್ಲಿ ಒಬ್ಬರಿಗೆ ಆಗುವಷ್ಟು ಯಾವುದಾದರೂ ವಸ್ತು ಸಿಗುತ್ತದೆಯೇ?'

"ಡೋರೀನ್, ಇಲ್ ಬಾ. ಯಾರೋ ನನ್ನನ್ನ ಏನೋ ಕೇಳ್ತಿದಾರೆ" ಎಂದ.

"ನಿನ್ನನ್ನಲ್ಲ ಮಾರಾಯ, ಅಂಗಡೀನ ಕೇಳ್ತಿದಾರೆ."

"ಅಂಗಡಿಗೆ ಕೈ ಇಲ್ವಲ್ಲ, ಪಾಪ."

ಒಂದೇ ಬೆರಳಿನಲ್ಲಿ ಕಾಲು ಗಂಟೆ ಕುಟ್ಟಿ ಉತ್ತರ ಬರೆದ: 'ಇಲ್ಲ. ನಾನು ಎರಡು ವರ್ಷದಿಂದ ಹುಡುಕುತ್ತಿದ್ದೇನೆ. ಮೊಟ್ಟೆ ಐದು ಡಜನ್ನಿಗಿಂತ ಕಡಿಮೆ ಕೊಡುವುದಿಲ್ಲ.'

ಮುಂದಿನ ಶನಿವಾರ ಅವನು ಸಾಸೇಜು ಮುಟ್ಟದೆ ನೇರವಾಗಿ ಮೇಜಿಗೆ ಹೋದ. ಅಲ್ಲಿ ಉತ್ತರ ಕಾದಿತ್ತು: 'ಐದು ಡಜನ್ ಮೊಟ್ಟೆಯನ್ನು ನೀವು ಒಬ್ಬರೇ ಏನು ಮಾಡುತ್ತೀರಿ? ಮಕ್ಕಳು ಅಳಿಸದಿರಲಿ ಎಂದು ಇದನ್ನು ಯಂತ್ರದೊಳಗೆ ಜೋಪಾನ ಮಾಡಿದ್ದೇನೆ. ಹಾಳೆಯ ಹೆಸರು: ಮೊಟ್ಟೆ.'

ಅಂದಿನಿಂದ 'ಮೊಟ್ಟೆ'ಯ ಹಾಳೆ ವಾರಕ್ಕೆ ಎರಡು ಸಾಲು, ನಾಲ್ಕು ಸಾಲು ಬೆಳೆಯತೊಡಗಿತು. ಅವನು ಮೊಟ್ಟೆಗಳನ್ನು ಉಪ್ಪುನೀರಿಗೆ ಹಾಕಿ ನೆರೆಯವರಿಗೆ ಹಂಚುವುದನ್ನೂ, ಈಗ ನೆರೆಯವರು ಅವನನ್ನು ಕಂಡರೆ ದೀಪ ಆರಿಸಿ ಕೂರುವುದನ್ನೂ ಬರೆದ. ಆಕೆ, ಆಕೆಯೆಂದು ಎರಡನೆಯ ವಾರವೇ ತಿಳಿದಿತ್ತು, ಗಂಡ ಹೋದ ಮೇಲೂ ತಾನು ಹಾಸಿಗೆಯ ಎಡಮಗ್ಗುಲಲ್ಲೇ ಮಲಗುವುದನ್ನು ಬರೆದಳು. ಹೆಸರನ್ನು ಇಬ್ಬರೂ ಬರೆಯಲಿಲ್ಲ. ಹತ್ತು ಜನ ಕುಟ್ಟುವ ಯಂತ್ರದಲ್ಲಿ ಹೆಸರು ಬರೆಯುವುದು ಗೋಡೆಯ ಮೇಲೆ ಬರೆದ ಹಾಗೆ. ವರ್ನನ್ ಪ್ರತಿಯೊಂದನ್ನೂ ನನಗೆ ಓದಿ ಹೇಳುತ್ತಿದ್ದ. ನಾನು ಸಾಸೇಜು ತಿರುವುತ್ತ ಕೇಳುತ್ತಿದ್ದೆ. ಎಷ್ಟೋ ಸಲ ಒಂದು ಬದಿ ಕರಕಾಯಿತು.

ಜನವರಿಯಲ್ಲಿ ಅವನು ಹನ್ನೊಂದು ಸಲ ಬರೆದು ಹನ್ನೊಂದು ಸಲ ಅಳಿಸಿದ ಸಾಲೊಂದನ್ನು ಕೊನೆಗೆ ಹಾಗೆಯೇ ಬಿಟ್ಟ: 'ಒಂದು ದಿನ ಬಾಗಿಲ ಬಳಿಯ ಬೆಂಚಿನಲ್ಲಿ ಇಬ್ಬರೂ ಕೂತು ಹಾಟ್‌ಡಾಗ್ ತಿನ್ನಬಹುದೇ?'

ಮುಂದಿನ ಶನಿವಾರ ಬಂದಾಗ ಉತ್ತರ ಇರಲಿಲ್ಲ. ಫಲಕದ ಮೂಲೆಯಲ್ಲಿ ನಕ್ಷತ್ರ ಇತ್ತು.

ವರ್ನನ್ ನಮ್ಮ ಮ್ಯಾನೇಜರ್ ರೋಂಡಾ ಪಿಕೆಟ್ಟಳನ್ನು ಟಾಯ್ಲೆಟ್ ಕಾಗದದ ಬೆಟ್ಟದ ಹಿಂದೆ ಹಿಡಿದ. "ಆ ಮೇಜಿನ ಮೇಲಿರೋ ಕಂಪ್ಯೂಟರ್ ನಂಗೆ ಬೇಕು. ಈಗ್ಲೇ."

"ಪೆಟ್ಟಿಗೆ ಒಂದಿರೋ ತನಕ ಮೇಜಿನದನ್ನ ಮುಟ್ಟೋ ಹಾಗಿಲ್ಲ ಸ್ವಾಮಿ" ಎಂದಳು ರೋಂಡಾ. "ಮೂವತ್ತೊಂದು ಇವೆ. ಎಲ್ಲಾ ಖಾಲಿ ಆದ ಗಳಿಗೇಲಿ ಯಾರು ಮೇಜಿನ ಹತ್ರ ಮೊದಲು ನಿಂತಿರ್ತಾರೋ ಅವರಿಗೆ."

ಅವನು ನನ್ನ ಮೇಜಿಗೆ ಬಂದ. ನಾನು ಹೇಳಿದೆ: "ಅದ್ರಲ್ಲಿರೋದನ್ನ ಒಂದು ಕಾಗದಕ್ಕೆ ಬರ್ಕೊಂಡು ಮನೆಗೆ ಹೋಗಯ್ಯ. ಯಂತ್ರ ಯಾಕೆ?"

"ನಾನು ಬರ್ಕೊಂಡು ಹೋಗ್ತೀನಿ. ಅವಳು ಉತ್ತರ ಎಲ್ಲಿ ಬರೀತಾಳೆ ಡೋರೀನ್?"

ಆಕೆ ಬರೆಯುವ ತನಕ ಆ ಮೇಜು ಅಲ್ಲೇ ಇರಬೇಕಿತ್ತು. ಮೇಜು ಅಲ್ಲಿರಬೇಕಾದರೆ ಪೆಟ್ಟಿಗೆಗಳು ಖರ್ಚಾಗಬಾರದು. ಇಷ್ಟು ಸರಳವಾದ ಲೆಕ್ಕಾಚಾರವನ್ನು ಮನಸ್ಸಿನಲ್ಲಿ ಮುಗಿಸಿ ವರ್ನನ್ ಅಂದಿನಿಂದ ದಿನವೂ ಮೇಜಿನ ಪಕ್ಕ ಕಾವಲು ನಿಂತ. ಖಾಕಿ ಪ್ಯಾಂಟು, ನೀಲಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ನಿವೃತ್ತಿಯ ನಂತರವೂ ಅವನು ಬೇರೆ ಬಟ್ಟೆ ಹೊಲಿಸಿರಲಿಲ್ಲ.

ಮೊದಲ ಗಿರಾಕಿ ಬೀಜದ ವ್ಯಾಪಾರಿ. ಟೋಪಿ ಹಿಂದಕ್ಕೆ ತಳ್ಳಿ ಕೇಳಿದ: "ಏನಣ್ಣಾ, ಇದಕ್ಕೆ ನೆನಪಿನ ಶಕ್ತಿ ಎಷ್ಟು?"

ಗೊತ್ತಿಲ್ಲ ಎಂದಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಸರ್ಕಾರಿ ಪರೀಕ್ಷಕನಾಗಿದ್ದವನಿಗೆ ಆ ಮಾತು ಗಂಟಲಿನಿಂದ ಹೊರಡುವುದಿಲ್ಲ. ವರ್ನನ್ ಫಲಕದ ಕಡೆ ಓರೆಗಣ್ಣು ಹಾಯಿಸಿ, ಛಾವಣಿ ನೋಡುತ್ತ ಹೇಳಿದ: "ಮೂವತ್ತೆರಡು. ಆದ್ರೆ ಅಷ್ಟನ್ನ ಹೊರುತ್ತೆ ಅಂತ ನಾನಾದ್ರೆ ಸಹಿ ಹಾಕಲ್ಲ."

"ಅಂದ್ರೆ?"

"ಎಲ್ಲದಕ್ಕೂ ಒಂದು ದಿನ ಹಗ್ಗ ಸವೆಯುತ್ತೆ. ತಗೋಬೇಡಿ. ಮನೆಗೆ ಹೋಗಿ, ಹೆಂಡ್ತಿ ಜೊತೆ ಮಾತಾಡಿ."

ಬೀಜದವನು ಅವನನ್ನು ಮೇಲಿಂದ ಕೆಳಗೆ ನೋಡಿದ. "ನಲವತ್ತು ವರ್ಷ ಆಯ್ತು ನಾನು ವ್ಯಾಪಾರಕ್ಕಿಳಿದು. ಹೀಗೆ ನಿಜ ಹೇಳೋ ಒಬ್ಬ ಮಾರಾಟಗಾರನ್ನ ಇವತ್ತೇ ನೋಡಿದ್ದು" ಎಂದು ಎರಡು ಪೆಟ್ಟಿಗೆ ಎತ್ತಿಕೊಂಡ.

ಇದನ್ನು ದೂರದಿಂದ ಕಂಡ ರೋಂಡಾ ಓಡಿ ಬಂದಳು. ಕಂಪ್ಯೂಟರು ಕಂಪನಿಯವರು ಮಾಲು ವಿವರಿಸಲು ಒಬ್ಬ ಮನುಷ್ಯನನ್ನು ಕಳಿಸುತ್ತೇವೆಂದು ಕ್ರಿಸ್‌ಮಸ್ಸಿಗೆ ಮೊದಲೇ ಮಾತು ಕೊಟ್ಟು ಮರೆತಿದ್ದರು. "ನೀವೇ ಏನ್ರೀ ಅವರು! ಮೊದಲೇ ಹೇಳ್ಬಾರ್ದಾ? ಆವತ್ತು ನನ್ನನ್ನ ಪರೀಕ್ಷೆ ಮಾಡಿದ್ರಿ ಅಲ್ವಾ, ಮೇಜಿನದು ಮಾರ್ತಾಳಾ ಅಂತ?" ಎಂದು ಅವನ ಕೊರಳಿಗೆ ಕ್ಲಬ್ಬಿನ ಕೆಂಪು ಏಪ್ರನ್ ಹಾಕಿದಳು. ಅಲ್ಲವೆಂದರೆ ಮೇಜಿನ ಪಕ್ಕದಿಂದ ಎಬ್ಬಿಸುತ್ತಾರೆ ಎಂಬ ಭಯಕ್ಕೆ ವರ್ನನ್ ಛಾವಣಿ ನೋಡಿದ. ಛಾವಣಿ ನೋಡುವುದನ್ನು ರೋಂಡಾ ವಿನಯವೆಂದು ತಿಳಿದಳು.

ಅಲ್ಲಿಂದ ಮುಂದೆ ಅವನು ಬೇಡವೆಂದಷ್ಟೂ ಜನ ಕೊಂಡರು. "ಇದಕ್ಕಿಂತ ಒಳ್ಳೇದು ಬರುತ್ತೆ, ಕಾಯಿರಿ" ಎಂದರೆ, "ಕಾಯೋ ಹೊತ್ತಿಗೆ ಇದನ್ನಾದ್ರೂ ಇಟ್ಕೊಂಡಿರ್ತೀವಿ" ಎಂದರು. "ಇದು ನಿಮ್ಮ ಮನೇಲಿ ಧೂಳು ತಿನ್ನುತ್ತೆ" ಎಂದರೆ, "ನೋಡೇ, ನಮ್ಮ ಮನೆ ಬಗ್ಗೆ ಎಷ್ಟು ಯೋಚನೆ ಮಾಡ್ತಾರೆ" ಎಂದು ಹೆಂಡತಿಯನ್ನು ತಿವಿದರು. ಇಪ್ಪತ್ತೊಂಬತ್ತು ಪೆಟ್ಟಿಗೆ ಇಪ್ಪತ್ತಕ್ಕೆ ಇಳಿಯಿತು. ಈ ನಡುವೆ ದಿನಕ್ಕೆ ಹತ್ತು ಸಲ ಅವನು 'ಮೊಟ್ಟೆ' ತೆರೆದು ನೋಡುತ್ತಿದ್ದ. ಹಾಟ್‌ಡಾಗಿನ ಸಾಲಿನ ಕೆಳಗೆ ಬಿಳಿಯ ಜಾಗ ಬಿಟ್ಟರೆ ಏನೂ ಇರಲಿಲ್ಲ.

ಬುಧವಾರ ಅವನ ಅಕ್ಕ ಆರ್ಡಿತ್ ಬಂದಳು. ತಮ್ಮನನ್ನು ಏಪ್ರನ್ನಿನಲ್ಲಿ ಕಂಡು ಗಾಡಿ ಬಿಟ್ಟು ಕೆನ್ನೆಗೆ ಕೈ ಹಚ್ಚಿ ನಿಂತಳು.

"ಅಯ್ಯೋ ನನ್ನಪ್ಪಾ! ಕೆಲಸಕ್ಕೆ ಸೇರ್ಕೊಂಡ್ಯಾ? ನನಗೊಂದು ಮಾತು ಹೇಳ್ಲಿಲ್ಲ!"

"ಕೆಲಸ ಅಲ್ಲ ಅಕ್ಕಾ. ಸುಮ್ನೆ ನಿಂತಿದೀನಿ."

"ಸುಮ್ನೆ ನಿಂತೋರಿಗೆ ಏಪ್ರನ್ ಕೊಡ್ತಾರೇನೋ? ಮಾರ್ಲಿಸ್ ಹೋದ ಮೇಲೆ ನೀನು ಗೆಲುವಾಗಿದ್ದೇ ನಾ ಕಂಡಿರ್ಲಿಲ್ಲ. ಈಗ ನೋಡು, ಮುಖದಲ್ಲಿ ರಕ್ತ ಬಂದಿದೆ!"

"ಅದು ಗಾಬರಿ ಅಕ್ಕಾ."

"ಹೊಸ ಕೆಲಸ ಅಂದ್ಮೇಲೆ ಗಾಬರಿ ಇದ್ದೇ ಇರುತ್ತೆ. ನಾನೆಲ್ಲಾ ನೋಡ್ಕೋತೀನಿ."

ಆಕೆ ನೋಡಿಕೊಂಡ ರೀತಿ ಇದು: ಭಾನುವಾರ ಚರ್ಚಿನಲ್ಲಿ ಪ್ರಾರ್ಥನೆ ಮುಗಿದ ಮೇಲೆ ಎದ್ದು ನಿಂತು, ತಮ್ಮನ ಹೊಸ ಉದ್ಯೋಗ ಗಟ್ಟಿಯಾಗಬೇಕಾದರೆ ಎಲ್ಲರೂ ಕೈ ಜೋಡಿಸಬೇಕೆಂದು ಕೇಳಿಕೊಂಡಳು. ಪ್ರಾರ್ಥನೆಗಿಂತ ಬೇಗ ಫಲ ಕೊಟ್ಟದ್ದು ಆ ಕೋರಿಕೆ. ಮಧ್ಯಾಹ್ನವೇ ಹಾಡುವ ತಂಡದವರು ಸಾಲಾಗಿ ಬಂದರು. ವರ್ನನ್ ಒಬ್ಬೊಬ್ಬರ ಗಾಡಿಗೂ ಅಡ್ಡ ನಿಂತ. "ಐಲೀನ್, ನಿಮ್ಮನೇಲಿ ಟೈಪ್‌ರೈಟರೇ ಪೆಟ್ಟಿಗೆ ಬಿಚ್ಚದೆ ಇದೆ! ಹೆರಾಲ್ಡ್, ನಿಂಗೆ ಕಣ್ಣೇ ಕಾಣಲ್ಲ ಕಣೋ!" ಎಂದು ಗೋಗರೆದ. ಹೆರಾಲ್ಡ್ ಅವನ ಬೆನ್ನು ತಟ್ಟಿ, "ನಾಚ್ಕೋಬೇಡ ಕಣೋ, ನಾವೆಲ್ಲಾ ಇದೀವಿ" ಎಂದ. ಸಂಜೆಯ ಹೊತ್ತಿಗೆ ಹಲಗೆಯ ಮೇಲೆ ಉಳಿದದ್ದು ಒಂದೇ ಪೆಟ್ಟಿಗೆ. ರೋಂಡಾ ಅವನ ಫೋಟೋ ತೆಗೆದು ಗಡಿಯಾರದ ಕೆಳಗೆ ತೂಗುಹಾಕಿಸಿದಳು. ಫೋಟೋದಲ್ಲೂ ಅವನು ಮೇಲೆ ನೋಡುತ್ತಿದ್ದ.

ಸೋಮವಾರ ಬೆಳಿಗ್ಗೆ ಬಾಗಿಲು ತೆರೆಯುತ್ತಲೇ ವರ್ನನ್ ಹಾಜರಿದ್ದ. ಆ ಕೊನೆಯ ಪೆಟ್ಟಿಗೆಯ ಮೇಲೆ ತನ್ನ ಕೋಟು ಹೊದಿಸಿ, ಕೋಟಿನ ಮೇಲೆ ಊಟದ ಡಬ್ಬಿ ಇಟ್ಟ. ಮಧ್ಯಾಹ್ನದವರೆಗೆ ಅದು ಯಾರ ಕಣ್ಣಿಗೂ ಬೀಳಲಿಲ್ಲ.

ಎರಡು ಗಂಟೆಗೆ ಬೂದು ಬಣ್ಣದ ಕೋಟಿನ ಹೆಂಗಸೊಬ್ಬಳು ನನ್ನ ಮೇಜಿಗೆ ಬಂದಳು. ಸಾಸೇಜಿನ ಒಂದು ತುಂಡು ತಿಂದಳು, ಕಡ್ಡಿಯನ್ನು ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡಳು, "ಚೆನ್ನಾಗಿದೆ, ಥ್ಯಾಂಕ್ಸ್ ಅಮ್ಮಾ" ಎಂದಳು. ಅದೊಂದು ಅಪರೂಪ, ಕಡ್ಡಿಯನ್ನು ಎಲ್ಲರೂ ನನ್ನ ಮೇಜಿನ ಮೇಲೇ ಬಿಡುತ್ತಾರೆ. ಆಮೇಲೆ ಆಕೆ ಕಂಪ್ಯೂಟರಿನ ಹತ್ತಿರ ಹೋಗಿ ವರ್ನನ್ನನನ್ನು ಕೇಳಿದಳು:

"ಇವ್ರೇ, ಈ ಮೇಜಿನ ಮೇಲಿರೋದು ಕೊಡ್ತೀರಾ? ಇದೇ ಆಗ್ಬೇಕು ನಂಗೆ."

ವರ್ನನ್ ಆಕೆಗೂ ಯಂತ್ರಕ್ಕೂ ನಡುವೆ ಬಂದು ನಿಂತ. "ಇದಾ? ಅಯ್ಯೋ, ಬೇಡ ಅಮ್ಮಾ! ಊರಿನ ಮಕ್ಕಳೆಲ್ಲಾ ಸೀನಿರೋ ಯಂತ್ರ ಇದು. ಸಾಸೇಜಿನ ಜಿಡ್ಡು ಬೇರೆ."

"ಪರವಾಗಿಲ್ಲ, ಒರೆಸ್ಕೋತೀನಿ. ನಾನು ಬೇಕಾದ್ರೆ ಮ್ಯಾನೇಜರನ್ನೇ ಕೇಳ್ತೀನಿ. ಎಷ್ಟು ದಿನ ಆದ್ರೂ ಕಾಯ್ತೀನಿ."

ಅವನಿಗೆ ಎದುರಾಳಿ ಹುಟ್ಟಿದ್ದಳು. ಇವಳು ಹೀಗೆ ದಿನವೂ ಬಂದು ಮೇಜಿನ ಪಕ್ಕ ನಿಂತರೆ, ಆ ಗಳಿಗೆಯಲ್ಲಿ ಮೊದಲು ನಿಂತವಳು ಇವಳೇ ಆದರೆ? ಉತ್ತರ ಬಾರದಿದ್ದರೂ ಇದುವರೆಗೆ ಬರೆದಷ್ಟಾದರೂ ತನ್ನ ಕೈಯಲ್ಲಿ ಉಳಿಯಬೇಕಿತ್ತು. ವರ್ನನ್ ಎರಡು ವಾರ ಮಾಡದ ಕೆಲಸವನ್ನು ಆಗ ಮಾಡಿದ. ಕೋಟು ಎಳೆದು ಪೆಟ್ಟಿಗೆ ತೋರಿಸಿದ. "ಇದು ತಗೊಳ್ಳಿ. ಹೊಚ್ಚ ಹೊಸದು. ಕಟ್ಟ ಕಡೇದು. ನಿಮಗೋಸ್ಕರಾನೇ ಉಳಿದಿದೆ."

ಆಕೆ ಪೆಟ್ಟಿಗೆಯನ್ನೂ ಮೇಜನ್ನೂ ನೋಡಿದಳು. "ಇದ್ರಲ್ಲಿ ಏನೇನಿದೆಯೋ ಅದೆಲ್ಲಾ ಅದ್ರಲ್ಲೂ ಇರುತ್ತಾ?"

"ಒಂದು ಎಳೆಯಷ್ಟೂ ವ್ಯತ್ಯಾಸ ಇಲ್ಲಮ್ಮಾ. ಇದ್ರಲ್ಲಿರೋದೆಲ್ಲಾ ಅದ್ರಲ್ಲಿದೆ" ಎಂದ ಅವನು, ಆಕೆಯ ತಲೆಯ ಮೇಲಿನ ದೀಪವನ್ನು ನೋಡುತ್ತ.

"ನೀವು ಯಾರಿಗೂ ಸುಳ್ಳು ಹೇಳಲ್ಲ ಅಂತ ಕೇಳಿದೀನಿ" ಎಂದು ಆಕೆ ಒಪ್ಪಿದಳು.

ಪೆಟ್ಟಿಗೆ ಸಾಗಿಸಲು ಚಪ್ಪಟೆ ಗಾಡಿ ತರುತ್ತೇನೆಂದು ವರ್ನನ್ ಬಾಗಿಲ ಕಡೆ ಓಡಿದ. ಆಗ ಶಾಲೆಯ ಮಕ್ಕಳ ಹಿಂಡೊಂದು ನನ್ನ ಮೇಜಿಗೆ ಮುತ್ತಿಕೊಂಡಿತು. ಮಕ್ಕಳ ತಲೆಗಳ ಮೇಲಿಂದ ನನಗೆ ಕಂಡದ್ದು ಇಷ್ಟು: ಆಕೆ ಅತ್ತಿತ್ತ ನೋಡಿದಳು, ಕನ್ನಡಕ ಹಾಕಿಕೊಂಡಳು, ಮೇಜಿನ ಮೇಲೆ ಬಾಗಿದಳು. ಹತ್ತೂ ಬೆರಳಿನಿಂದ, ಬೇಗ ಬೇಗ. ನಾನು ಎಂಥ ದಡ್ಡಿ! ಎರಡೂವರೆ ತಿಂಗಳಿಂದ ಆ ಕಾಗದಗಳನ್ನು ಬಾಯಿಪಾಠ ಮಾಡಿದವಳು, ಆ ಹೊತ್ತಿನಲ್ಲಿ ಮಕ್ಕಳಿಗೆ ಕಡ್ಡಿ ಎಣಿಸುತ್ತಿದ್ದೆ.

ವರ್ನನ್ ಬಂದ, ಪೆಟ್ಟಿಗೆ ಎತ್ತಿ ಗಾಡಿಗಿಟ್ಟ, "ದುಡ್ಡು ಕಟ್ಟೋ ಸಾಲು ಆ ಕಡೆ" ಎಂದು ಆಕೆಯನ್ನು ಹೆಚ್ಚುಕಡಿಮೆ ತಳ್ಳಿಯೇ ಕಳಿಸಿದ. ಮೇಜಿನ ಪಕ್ಕ ನಿಂತು, ಒಂದು ಕೈ ಯಂತ್ರದ ಮೇಲಿಟ್ಟು, "ರೋಂಡಾ! ಖಾಲಿ! ಮೊದಲು ನಿಂತೋನು ನಾನೇ!" ಎಂದು ಕೂಗಿದ. ರೋಂಡಾ ಬಂದು ಒಪ್ಪಿದಳು. ಆಗ ಅವನು ಉಸಿರು ಬಿಟ್ಟು, ದಿನದ ಹನ್ನೊಂದನೆಯ ಸಲ 'ಮೊಟ್ಟೆ' ತೆರೆದ.

ಹಾಟ್‌ಡಾಗಿನ ಸಾಲಿನ ಕೆಳಗೆ ಹೀಗಿತ್ತು:

'ತಿನ್ನೋಣ. ಉತ್ತರ ತಡವಾಯಿತು, ಕ್ಷಮಿಸಿ. ಎರಡು ಸಲ ಬಂದಿದ್ದೆ. ಯಂತ್ರದ ಪಕ್ಕ ಅಂಗಡಿಯವರೊಬ್ಬರು ಕಾವಲು ನಿಂತಿದ್ದರು. ನಾಚಿಕೆಯಾಗಿ ಹಾಗೇ ಹೋದೆ. ಇವತ್ತು ಧೈರ್ಯ ಮಾಡಿ ಒಂದನ್ನು ಕೊಂಡಿದ್ದೇನೆ. ಇದರಲ್ಲಿರುವುದೆಲ್ಲ ಅದರಲ್ಲೂ ಇರುತ್ತದೆಂದು ಅವರು ಹೇಳಿದರು. ಆದ್ದರಿಂದ ಇನ್ನು ಮೇಲೆ ನಿಮ್ಮನ್ನು ನನ್ನ ಮನೆಯಲ್ಲೇ ಓದುತ್ತೇನೆ. ಯಾವ ದಿನ, ಎಷ್ಟು ಗಂಟೆಗೆ ಎಂದು ಬರೆಯಿರಿ. ನಾನು ನೋಡಲು ಹೇಗಿದ್ದೇನೆಂದು ತಿಳಿಯಬೇಕಾದರೆ ಆ ಕೆಂಪು ಏಪ್ರನ್ನಿನವರನ್ನೇ ಕೇಳಿ. ಅವರು ನನ್ನನ್ನು ನೋಡಿದ್ದಾರೆ.'

ವರ್ನನ್ ಅದನ್ನು ಎರಡು ಸಲ ಓದಿದ. ಆಮೇಲೆ ಓಡಿದ. ಅರವತ್ಮೂರು ವರ್ಷದ ಮನುಷ್ಯ ಹಾಗೆ ಓಡುವುದನ್ನು ನಾನು ಕಂಡಿರಲಿಲ್ಲ. ಆದರೆ ನಮ್ಮ ಬಾಗಿಲಲ್ಲಿ ಓಡೆಲ್ ಇದ್ದಾನೆ. ರಸೀದಿ ತೋರಿಸಿ ಅದರ ಮೇಲೆ ಅವನ ಪೆನ್ನಿನ ಗೀರು ಬೀಳದೆ ರಾಜ್ಯಪಾಲರೂ ಹೊರಗೆ ಹೋಗುವಂತಿಲ್ಲ.

"ರಸೀದಿ?" ಎಂದ ಓಡೆಲ್, ಕೈ ಅಡ್ಡ ಹಿಡಿದು.

"ನಾನೇನೂ ಕೊಂಡಿಲ್ಲ ಕಣೋ! ಬಿಡು!"

"ಮೈಮೇಲಿರೋ ಏಪ್ರನ್ ಕ್ಲಬ್ಬಿಂದಲ್ವಾ ಅಣ್ಣಾ? ಅದಕ್ಕೆ ರಸೀದಿ ಎಲ್ಲಿ?"

"ಈಗ ಹೋದಳಲ್ಲ, ಕಂಪ್ಯೂಟರ್ ಗಾಡಿ ತಳ್ಕೊಂಡು! ಹೇಗಿದ್ಳು? ಯಾವ ಕಡೆ ಹೋದ್ಳು?"

"ನಾನು ರಸೀದಿ ನೋಡ್ತೀನಪ್ಪಾ, ಮುಖ ನೋಡಲ್ಲ. ಒಂದು ಪೆಟ್ಟಿಗೆ, ಒಂದು ರಸೀದಿ. ಸರಿಯಾಗಿತ್ತು."

ವರ್ನನ್ ಏಪ್ರನ್ನಿನ ಗಂಟು ಬಿಚ್ಚಲಾರದೆ ತಲೆಯ ಮೇಲಿಂದ ಕಿತ್ತು ಎಸೆದು ಹೊರಗೆ ಹೋದ. ಹೊರಗೆ ಹಿಮ ಬೀಳುತ್ತಿತ್ತು. ನಾಲ್ಕು ನೂರು ಕಾರು, ಎಲ್ಲದರ ಮೇಲೂ ಒಂದೇ ಬಿಳಿ.

ರೋಂಡಾಳ ಕೋಣೆಯಲ್ಲಿ ಅವನು ಎಲ್ಲವನ್ನೂ ಒಪ್ಪಿಕೊಂಡ. ತಾನು ಯಾವ ಕಂಪನಿಯವನೂ ಅಲ್ಲ ಎಂದ. ಕೊನೆಯ ಪೆಟ್ಟಿಗೆ ಕೊಂಡವಳ ಹೆಸರು ಸದಸ್ಯರ ಪಟ್ಟಿಯಲ್ಲಿ ಇದ್ದೇ ಇರುತ್ತದೆ, ಅದೊಂದನ್ನು ಕೊಡಿ ಎಂದು ಬೇಡಿದ.

"ಅದನ್ನ ಕೊಟ್ರೆ ನಾಳೆ ನನ್ನ ಕೆಲಸ ಹೋಗುತ್ತೆ ವರ್ನನ್" ಎಂದಳು ರೋಂಡಾ. ಮತ್ತೆ ಅವನ ಕಡೆ ಬಾಗಿ, "ಅಂದ್ರೆ, ಎರಡು ವಾರ ನಿನಗೆ ಯಾರೂ ಸಂಬಳ ಕೊಟ್ಟಿಲ್ಲ?"

"ಇಲ್ಲ."

"ಹಾಗಾದ್ರೆ ನನಗೆ ಬೇಕಾಗಿದ್ದ ಮನುಷ್ಯ ನೀನೇ. ಹೊಸ ಮಾಲು ಬರ್ತಿದೆ, ನಲವತ್ತು ಪೆಟ್ಟಿಗೆ. ಸಂಬಳಕ್ಕೇ ನಿಲ್ತೀಯಾ?"

"ಮಾರೋ ಕಡೆ ಬೇಡ. ವಾಪಸ್ ತಗೊಳ್ಳೋ ಕಟ್ಟೆಗೆ ಹಾಕಿ."

ರೋಂಡಾ ಬೆಪ್ಪಾದಳು. ಆ ಕಟ್ಟೆಯನ್ನು ಈತನಕ ಯಾರೂ ಕೇಳಿ ಪಡೆದಿರಲಿಲ್ಲ. ನಮ್ಮ ಕ್ಲಬ್ಬು ಏನನ್ನಾದರೂ ವಾಪಸ್ ತೆಗೆದುಕೊಳ್ಳುತ್ತದೆ: ಅರ್ಧ ತಿಂದ ಕೇಕು, ಎರಡು ಚಳಿಗಾಲ ತೊಟ್ಟ ಬೂಟು. ಕಂಪ್ಯೂಟರಿಗೆ ಆರು ತಿಂಗಳ ಗಡುವು ಇದೆ. ಬೈಗುಳ ತಿನ್ನುವ ಜಾಗ ಅದು. ವರ್ನನ್ ಮರುದಿನವೇ ಅಲ್ಲಿ ನಿಂತ. ಅಕ್ಕ ಆರ್ಡಿತ್ ಅದನ್ನು ಬಡ್ತಿಯೆಂದು ಚರ್ಚಿನಲ್ಲಿ ಸಾರಿದಳು.

ಮನೆಯಲ್ಲಿ ಅವನು ಮೇಜಿನ ಕಂಪ್ಯೂಟರನ್ನು ಊಟದ ಮೇಜಿನ ಮೇಲೆ ಇಟ್ಟುಕೊಂಡಿದ್ದಾನೆ. ದಿನವನ್ನೂ ಹೊತ್ತನ್ನೂ ಅದರಲ್ಲಿ ಬರೆದೂ ಇದ್ದಾನೆ: ಶನಿವಾರ, ಹನ್ನೊಂದು ಗಂಟೆ. ಅದು ಆಕೆಯ ಯಂತ್ರಕ್ಕೆ ಹೋಗುವುದಿಲ್ಲವೆಂದು ಅವನಿಗೆ ಗೊತ್ತು. ಆದರೂ ಶನಿವಾರ ಹನ್ನೊಂದಕ್ಕೆ ಕಟ್ಟೆ ಬಿಟ್ಟು ಬಾಗಿಲ ಬಳಿಯ ಬೆಂಚಿಗೆ ಹೋಗಿ, ಎರಡು ಹಾಟ್‌ಡಾಗ್ ತೆಗೆದುಕೊಂಡು ಕೂರುತ್ತಾನೆ. ಎರಡನೆಯದನ್ನು ಹನ್ನೊಂದೂಮುಕ್ಕಾಲಿಗೆ ಓಡೆಲ್ ತಿನ್ನುತ್ತಾನೆ.

ದಿನಕ್ಕೊಂದು ಸಲ ಅವನು ನನ್ನ ಮೇಜಿಗೆ ಬರುತ್ತಾನೆ. ಸಾಸೇಜಿಗಲ್ಲ.

"ಹೇಳು ಡೋರೀನ್. ಹೇಗಿದ್ಳು?"

"ನಿನ್ನೆ ಹೇಳಿದೆನಲ್ಲಯ್ಯಾ."

"ಇನ್ನೊಂದ್ಸಲ ಹೇಳು."

ಬೂದು ಕೋಟು, ಎರಡನೆಯ ಗುಂಡಿ ಬೇರೆ ಬಣ್ಣದ್ದು, ಕನ್ನಡಕಕ್ಕೆ ದಾರ ಎಂದು ಹೇಳುತ್ತೇನೆ. ನನಗೆ ನೆನಪಿದ್ದದ್ದು ಮೊದಲ ವಾರದಲ್ಲೇ ಮುಗಿಯಿತು. ಈಗ ದಿನಕ್ಕೊಂದು ಸೇರಿಸುತ್ತೇನೆ. ನಕ್ಕಾಗ ಎಡಗೆನ್ನೆಯಲ್ಲಿ ಗುಳಿ ಬೀಳುತ್ತಿತ್ತು ಎಂದೆ, ಒಂದು ದಿನ. ಅವನು ಕೇಳಿಸಿಕೊಂಡ ರೀತಿ ನೋಡಿದರೆ, ಯಾರಾದರೂ ನನ್ನ ಬಗ್ಗೆ ಹಾಗೆ ಕೇಳಿಸಿಕೊಳ್ಳುವುದಾದರೆ ನಾನೂ ಒಂದು ಕಂಪ್ಯೂಟರು ಕೊಳ್ಳುತ್ತಿದ್ದೆ.

ಐದು ತಿಂಗಳು ಕಳೆದಿದೆ. ಮೂವತ್ತೊಂದರಲ್ಲಿ ಹತ್ತೊಂಬತ್ತು ವಾಪಸ್ ಬಂದಿವೆ. ಹೆರಾಲ್ಡ್ ತನ್ನದನ್ನು ಮುದ್ರೆ ಒಡೆಯದೆ ತಂದ. ಬೀಜದ ವ್ಯಾಪಾರಿ ಎರಡನ್ನೂ ತಂದು, "ನೀವು ಆವತ್ತೇ ಹೇಳಿದ್ರಿ" ಎಂದು ಕೈ ಕುಲುಕಿದ. ಪೆಟ್ಟಿಗೆ ಹೊತ್ತು ಯಾರೇ ಬರಲಿ, ವರ್ನನ್ ಮೊದಲು ಅವರ ಮುಖ ನೋಡುತ್ತಾನೆ. ಎಷ್ಟು ಹೊತ್ತು ನೋಡುತ್ತಾನೆಂದರೆ ಕೆಲವು ಹೆಂಗಸರು ರೋಂಡಾಳಿಗೆ ದೂರು ಕೊಟ್ಟಿದ್ದಾರೆ.

ಮೊನ್ನೆ ನಾನೇ ತಡೆಯಲಾರದೆ ಹೇಳಿದೆ: "ವರ್ನನ್, ಬಿಟ್ಬಿಡು. ಅದ್ರಲ್ಲಿ ಏನೂ ಇಲ್ಲ ಅಂತ ಗೊತ್ತಾಗಿದ್ರೆ ಅವಳು ಯಾವತ್ತೋ ವಾಪಸ್ ತರ್ತಿದ್ಳು."

ಅವನು ನನ್ನ ಮುಖವನ್ನು ನೋಡಿದ, ನೇರವಾಗಿ.

"ಅದನ್ನೇ ನಾನೂ ಹೇಳ್ತಿರೋದು ಡೋರೀನ್" ಎಂದ. "ತಂದಿಲ್ಲ ಅಂದ್ರೆ, ಇನ್ನೂ ಅದರ ಮುಂದೆ ಕೂತು ಕಾಯ್ತಿದಾಳೆ."